ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರ ತಮ್ಮ ಪುಸ್ತಕದಲ್ಲಿ ಮಕ್ಕಳಿಗೆ ಎರಡು ಸಣ್ಣ ಕಥೆ ಹೇಳಿ ಒಂದು ಪ್ರಶ್ನೆ ಕೇಳುತ್ತಾರೆ. ಊಟಕ್ಕೆ ಕರೆದರೆಂದು ಬಂದ ಹುಡುಗನೊಬ್ಬ ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಕುರ್ಚಿಯ ಮೇಲೆ ತಟ್ಟೆ, ತಟ್ಟೆಯಲ್ಲಿ 15 ಕಪ್ಪು. ಅವನಿಗದು ಗೊತ್ತೇ ಇಲ್ಲ, ಅಷ್ಟೂ ಒಡೆದುಹೋಗುತ್ತವೆ. ಇನ್ನೊಬ್ಬ ಹುಡುಗ ಅಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ ಬೀರುವಿನ ಜಾಮ್‌ಗೆ ಕೈಹಾಕಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ಯಾರದು ದೊಡ್ಡ ತಪ್ಪು? ಚಿಕ್ಕ ಮಕ್ಕಳಲ್ಲಿ ಅನೇಕರು 15 ಒಡೆದವನ ಕಡೆ ಬೆರಳು ತೋರಿಸಿದರು. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಮಕ್ಕಳು ಎಷ್ಟು ಒಡೆಯಿತು ಎನ್ನುವುದನ್ನು ಬಿಟ್ಟು ಮನಸ್ಸಿನಲ್ಲೇನಿತ್ತು ಎಂದು ಕೇಳತೊಡಗುತ್ತಾರೆ ಎಂಬುದು ಪಿಯಾಜೆ ಕಂಡುಕೊಂಡ ಸಂಗತಿ.

ಬೆಂಗಳೂರಿನ ಬಳೇಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ಕಥೆ ಓದುವಾಗ ಕಣ್ಣಿಗೆ ಬರುವುದು ಕಪ್ಪಲ್ಲ, ಬಳೆ. ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಫಿರೋಜಾಬಾದಿನಿಂದ ಬಂದ ಗಾಜಿನ ಬಳೆಯ ಪೆಟ್ಟಿಗೆ ಬಿಚ್ಚಿ, ಒಡೆದದ್ದನ್ನು ಬೇರೆ ಮಾಡಿ, ಡಜನ್ ಲೆಕ್ಕದಲ್ಲಿ ದಾರ ಕಟ್ಟಿ, ಎರಡು-ನಾಲ್ಕು, ಎರಡು-ಆರು ಎಂದು ಸೈಜಿನ ಪ್ರಕಾರ ಮಹಡಿಯ ಕೋಣೆಯಲ್ಲಿ ಜೋಡಿಸುವ ಕೆಲಸದಲ್ಲಿ ಮಕ್ಕಳಿಗೂ ಪಾಲಿತ್ತು. ಒಂದು ಶ್ರಾವಣದಲ್ಲಿ ದೊಡ್ಡಪ್ಪನ ಮಗ ಹಸಿರು ಬಳೆಯ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಕಾಲು ಜಾರಿದ. ಪೆಟ್ಟಿಗೆಯಲ್ಲಿದ್ದದ್ದೆಲ್ಲ ಚೂರುಚೂರು. ಅದರ ಹಿಂದೆಮುಂದೆಯೇ ಅವನ ತಂಗಿ, ಗಿರಾಕಿಯೊಬ್ಬರಿಗೆಂದು ಎತ್ತಿಟ್ಟಿದ್ದ ಚಿನ್ನದ ಗೀರಿನ ಬಳೆಗಳನ್ನು ಕದ್ದು ತೊಟ್ಟು, ಬಿಚ್ಚುವಾಗ ಒಂದನ್ನು ಒಡೆದಳು. ಅಜ್ಜಿ ಹುಡುಗನಿಗೆ ಹೇಳಿದ್ದು ಇಷ್ಟೇ: "ಅಲ್ಲೇ ನಿಂತ್ಕೋ, ಕಾಲಿಗೆ ಚುಚ್ಚೀತು." ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅಪ್ಪ ಮಾತ್ರ ರಾತ್ರಿ ಲೆಕ್ಕದ ಪುಸ್ತಕ ತೆರೆದು, ಹೋದ ಡಜನ್‌ಗಳನ್ನು ಬರೆದುಕೊಂಡು, ಹುಡುಗನ ಮೇಲೆ ಕೂಗಾಡಿದರು. ಒಂದು ಬಳೆಯ ವಿಷಯ ಅವರ ಲೆಕ್ಕಕ್ಕೇ ಬರಲಿಲ್ಲ.

ಪಿಯಾಜೆಯ ಅಳತೆಗೋಲು ಹಿಡಿದರೆ ನನ್ನ ಅಪ್ಪ ಆರು ವರ್ಷದ ಮಗುವಿನ ನ್ಯಾಯ ಮಾಡಿದರು ಎನ್ನಬೇಕಾಗುತ್ತದೆ. ಹಾಗೆ ಹೇಳಲು ನಾನು ಸಿದ್ಧಳಿಲ್ಲ. ಹಬ್ಬದ ಸಾಲಿನಲ್ಲಿ ಸಾಲ ತಂದು ಸರಕು ತುಂಬಿದ ಮನುಷ್ಯ ಅವರು. ಇದೇ ಅಪ್ಪ ಮಹಡಿಗೆ ಬಂದು ಉಂಡು ಎಲೆಯಡಿಕೆ ಹಾಕಿಕೊಂಡ ಮೇಲೆ, ಬೇಕೆಂದು ಮಾಡಿದ್ದಕ್ಕೂ ಕೈತಪ್ಪಿ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಅಜ್ಜಿಯಷ್ಟೇ ಚೆನ್ನಾಗಿ ಬಲ್ಲವರಾಗಿದ್ದರು. ಒಬ್ಬ ಮನುಷ್ಯ ಯಾವ ಮೆಟ್ಟಿಲ ಮೇಲೆ ನಿಂತಿದ್ದಾನೆ ಎಂಬುದು ಅವನ ವಯಸ್ಸಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ, ತಲೆಯ ಮೇಲೆ ಏನು ಹೊತ್ತಿದ್ದಾನೆ ಎಂಬುದನ್ನೂ ನೋಡಬೇಕು.

ಇದನ್ನೆಲ್ಲ ಈಗ ಯೋಚಿಸುವಂತಾದದ್ದು ತಮ್ಮನ ಮಗಳಿಂದ. ಅವಳು ಬಿ.ಇಡಿ. ಓದುತ್ತಿದ್ದಾಳೆ. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ಈ ಕೋರ್ಸನ್ನು ಎರಡು ವರ್ಷಕ್ಕೆ ಹೆಚ್ಚಿಸಿದಾಗ 'ಬಾಲ್ಯ ಮತ್ತು ಬೆಳವಣಿಗೆ' ಎಂಬ ಅರ್ಥದ ಒಂದು ಪತ್ರಿಕೆಯನ್ನು ಸೇರಿಸಿತು. ಅದರ ಅಸೈನ್‌ಮೆಂಟು: ಓದಿದ ಸಿದ್ಧಾಂತಗಳನ್ನು ನಿಮ್ಮದೇ ಬಾಲ್ಯಕ್ಕೆ ಹೊಂದಿಸಿ ಬರೆಯಿರಿ. ಒಳ್ಳೆಯ ಕೆಲಸ. ನಾಳೆ ಮಕ್ಕಳ ಎದುರು ನಿಲ್ಲುವವರು ಮೊದಲು ತಾವು ಹೇಗೆ ಬೆಳೆದೆವು ಎಂದು ನೋಡಿಕೊಳ್ಳುವುದು ಎಲ್ಲ ಶಿಕ್ಷಕರಿಗೂ ಕಡ್ಡಾಯವಾಗಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅವಳು ತಂದು ತೋರಿಸಿದ್ದು ಒಂದು ಕೋಷ್ಟಕ. ಎಡಗಡೆ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಹೇಳಿದ ಬೆಳವಣಿಗೆಯ ಎಂಟು ಹಂತಗಳು, ಬಲಗಡೆ ರೈಟು, ತಪ್ಪು. ಸ್ವಾಯತ್ತತೆ: ತಪ್ಪು. ಉಪಕ್ರಮಶೀಲತೆ: ತಪ್ಪು. ಅಸ್ಮಿತೆಯ ಮುಂದೆ ಎರಡು ಸಲ ತಪ್ಪು. "ಅಪ್ಪ ನನಗೆ ಏನನ್ನೂ ಆರಿಸ್ಕೊಳ್ಳೋಕೆ ಬಿಡಲಿಲ್ಲ ಅತ್ತೆ. ಪಿಯುಸಿಗೆ ಸೈನ್ಸೇ ತಗೋಬೇಕು ಅಂತ ಹಠ ಹಿಡಿದ್ರು. ಇದನ್ನ ಹೀಗೇ ಬರೀತೀನಿ."

ಸಿದ್ಧಾಂತ ಕೈಗೆ ಸಿಕ್ಕ ಕೂಡಲೇ ಹೆತ್ತವರನ್ನು ಕಟಕಟೆ ಹತ್ತಿಸುವುದು ಸುಲಭ. ಅದಕ್ಕೆ ಮೊದಲು, ಆ ಸಿದ್ಧಾಂತ ಕಟ್ಟಿದವರು ತಮ್ಮ ಬಾಲ್ಯವನ್ನು ಏನು ಮಾಡಿಕೊಂಡರು ಎಂದು ನೋಡಬೇಕು. ಎರಿಕ್ಸನ್ 1902ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದರು. ಹೆತ್ತ ತಂದೆ ಯಾರೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಸಾಕಿದವರು ಹೊಂಬರ್ಗರ್ ಎಂಬ ಮಕ್ಕಳ ವೈದ್ಯರು. ಅವರೇ ಅಪ್ಪ ಎಂದು ನಂಬಿ ಹುಡುಗ ಬೆಳೆದ. ಯಹೂದಿ ಮಕ್ಕಳ ನಡುವೆ ಅವನ ನೀಲಿ ಕಣ್ಣು, ಹೊಂಬಣ್ಣದ ಕೂದಲು ಹಾಸ್ಯಕ್ಕೆ ಗುರಿಯಾದವು. ಶಾಲೆಯಲ್ಲಿ ಅವನ ಯಹೂದಿತನ. 1939ರಲ್ಲಿ ಅಮೆರಿಕದ ಪೌರತ್ವ ಪಡೆದಾಗ ಎರಿಕ್ಸನ್ ಎಂಬ ಕುಲನಾಮವನ್ನು ತಾವೇ ಇಟ್ಟುಕೊಂಡರು. 'ನಾನು ಯಾರು' ಎಂಬ ಪ್ರಶ್ನೆಯನ್ನು ಹದಿಹರೆಯದ ಕೇಂದ್ರದಲ್ಲಿ ಇಟ್ಟ ಅವರ ಪುಸ್ತಕ 1950ರಲ್ಲಿ ಬಂತು. ಇನ್ನು ಜಾನ್ ಬೌಲ್ಬಿ. ಲಂಡನ್ನಿನ ಶ್ರೀಮಂತ ಶಸ್ತ್ರವೈದ್ಯರ ಮಗ. ಅಮ್ಮನ ಮುಖ ಕಾಣುತ್ತಿದ್ದದ್ದು ದಿನಕ್ಕೆ ಒಂದು ತಾಸಿನಷ್ಟು. ಎತ್ತಿ ಆಡಿಸಿದವಳು ದಾದಿ. ಅವನಿಗೆ ನಾಲ್ಕು ತುಂಬುವ ಹೊತ್ತಿಗೆ ಆ ದಾದಿ ಕೆಲಸ ಬಿಟ್ಟು ಹೋದಳು. ಮಗು ತಾಯಿಯಿಂದ, ಇಲ್ಲವೇ ತಾಯಿಯ ಜಾಗದಲ್ಲಿ ಸ್ಥಿರವಾಗಿ ನಿಂತವರಿಂದ ಅಗಲಿದರೆ ಏನಾಗುತ್ತದೆ ಎಂದು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದುಕೊಟ್ಟವರು ಇದೇ ಬೌಲ್ಬಿ.

ಇವರು ತಮಗೆ ಸಿಗದ್ದನ್ನು ಹಿಡಿದು ದೂರುತ್ತಾ ಕೂರಲಿಲ್ಲ. ನನಗೆ ನೋವಾದದ್ದು ಎಲ್ಲಿ, ಇದೇ ನೋವು ಬೇರೆ ಮಕ್ಕಳಿಗೂ ಆಗುತ್ತದೆಯೇ ಎಂದು ಜೀವಮಾನವಿಡೀ ಕೇಳಿದರು. ಹಾಗಾಗಿಯೇ ಅವರ ಸಿದ್ಧಾಂತಗಳಲ್ಲಿ ಜೀವವಿದೆ. ಹಾಗಾಗಿಯೇ ಅವುಗಳಿಗೆ ಒಂದು ಮಿತಿಯೂ ಇದೆ: ಅವು ಒಂದು ಕಾಲದ, ಒಂದು ಬಗೆಯ ಮನೆಯ ಮಕ್ಕಳ ಪ್ರಶ್ನೆಗಳು. ನಮ್ಮ ಬೀದಿಗೆ ಬಂದರೆ ಅವೂ ನಮ್ಮಿಂದ ನಾಲ್ಕು ಪ್ರಶ್ನೆ ಕೇಳಿಸಿಕೊಳ್ಳಬೇಕು.

ನಾನು ಕೇಳುವ ಮೊದಲ ಪ್ರಶ್ನೆ ಆಟದ ಬಗ್ಗೆ. ಪಿಯಾಜೆ ಜಿನೀವಾ ಮತ್ತು ನ್ಯೂಶಾಟೆಲ್‌ನ ಹುಡುಗರ ಜೊತೆ ನೆಲಕ್ಕೆ ಕೂತು ಗೋಲಿ ಆಡಿದವರು. ನಿಯಮ ಮಾಡಿದ್ದು ಯಾರು, ಅದನ್ನು ಬದಲಾಯಿಸಬಹುದೇ ಎಂದು ಆಡುತ್ತಾಡುತ್ತಲೇ ಕೇಳಿದರು. ಚಿಕ್ಕವರಿಗೆ ನಿಯಮ ಅಪ್ಪನಿಂದಲೋ ದೇವರಿಂದಲೋ ಬಂದದ್ದು, ಮುಟ್ಟುವ ಹಾಗಿಲ್ಲ. ದೊಡ್ಡವರಿಗೆ ಅದು ಎಲ್ಲರೂ ಒಪ್ಪಿದರೆ ಬದಲಾಗುವ ಕರಾರು. ಇಷ್ಟು ಸೊಗಸಾಗಿ ಮಕ್ಕಳ ಆಟವನ್ನು ಕಂಡ ವಿದ್ವಾಂಸರು ಬಹಳ ಇಲ್ಲ. ಆದರೆ ಹೆಣ್ಣುಮಕ್ಕಳ ಕಡೆ ತಿರುಗಿದಾಗ ಅವರು, ಗೋಲಿಯಷ್ಟು ನಿಯಮಗಳುಳ್ಳ ಒಂದು ಆಟವೂ ಇವರಲ್ಲಿ ಸಿಗಲಿಲ್ಲ, ಕಾನೂನಿನ ಪ್ರಜ್ಞೆ ಹುಡುಗಿಯರಲ್ಲಿ ಕಡಿಮೆ ಎಂದು ಬರೆದು ಮುಂದೆ ಹೋಗಿಬಿಟ್ಟರು.

ಅವರು ಬಳೇಪೇಟೆಗೆ ಬಂದಿದ್ದರೆ! ನಮ್ಮ ಓಣಿಯಲ್ಲಿ ಬಳೆಚೂರಿಗೆ ಬರವಿರಲಿಲ್ಲ. ಅಂಗಡಿ ಗುಡಿಸುವ ಹೊತ್ತಿಗೆ ಹೋಗಿ ನಿಂತರೆ ಸಾಕು, ಲಂಗದ ಮಡಿಲು ತುಂಬ ಚೂರು. ಕಲ್ಲುಹಾಸಿನ ಮೇಲೆ ಸುಣ್ಣದಲ್ಲಿ ವೃತ್ತ ಎಳೆದು ಚೂರುಗಳನ್ನು ಚೆಲ್ಲಬೇಕು. ಕೈಯಲ್ಲಿರುವ ಚೂರಿನ ತುದಿಯಿಂದ ಒಂದೊಂದನ್ನೇ ಮೀಟಿ ಹೊರಗೆ ತರಬೇಕು. ಪಕ್ಕದ್ದು ಅಲ್ಲಾಡಿದರೆ ಸರದಿ ಹೋಯಿತು. ಅಲ್ಲಾಡಿತೋ ಇಲ್ಲವೋ ಎಂದು ಹೇಳುವ ಹಕ್ಕು ಎದುರು ಕೂತವಳದ್ದು, ಪಕ್ಕದವಳದ್ದಲ್ಲ. ಗಾಳಿಗೆ ಅಲ್ಲಾಡಿದರೆ ಲೆಕ್ಕವಿಲ್ಲ, ಲಂಗ ತಗುಲಿ ಅಲ್ಲಾಡಿದರೆ ಲೆಕ್ಕ. ಹಸಿರು ಒಂದಕ್ಕೆ ಒಂದು, ಚಿನ್ನದ ಗೀರಿದ್ದರೆ ಹತ್ತು; ತೀರ ಚಿಕ್ಕ ಚೂರಾದರೆ ಆಟ ಶುರುವಾಗುವ ಮೊದಲೇ ಅದರ ಬೆಲೆ ಹೇಳಿಬಿಡಬೇಕು. ರಕ್ತ ಬಂದರೆ 'ಟೈಂಪ್ಲೀಸ್', ಬೆರಳು ಚೀಪಿ ಬರುವ ತನಕ ಯಾರೂ ವೃತ್ತದೊಳಗೆ ಕೈ ಇಡುವ ಹಾಗಿಲ್ಲ.

ಇವೆಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಪ್ರತಿಯೊಬ್ಬಳ ಬೆನ್ನಿಗೂ ಒಂದು ಪುಟ್ಟ ತಮ್ಮನೋ ತಂಗಿಯೋ ಅಂಟಿಕೊಂಡಿರುತ್ತಿತ್ತಲ್ಲ. ಬಿಟ್ಟು ಆಡಿದರೆ ಅಳುತ್ತದೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಅದಕ್ಕೆಂದೇ 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಆ ಮಗುವಿಗೂ ಸರದಿ ಬರುತ್ತದೆ, ಅದೂ ಚೂರು ಮೀಟುತ್ತದೆ, ಗೆದ್ದದ್ದನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತದೆ, ಆದರೆ ಔಟಾಗುವುದಿಲ್ಲ, ಎಣಿಕೆಗೆ ಬರುವುದಿಲ್ಲ. ಮುಖ್ಯವಾದ ಮಾತೆಂದರೆ, ಇದು ಆ ಮಗುವಿಗೆ ಗೊತ್ತಾಗಬಾರದು. ಗೊತ್ತಾಗುವ ಹಾಗೆ ಯಾರಾದರೂ ನಕ್ಕರೆ ನಕ್ಕವಳ ಸರದಿ ಹೋಗುತ್ತಿತ್ತು. ಇನ್ನೂ ಸೂಕ್ಷ್ಮವಾದದ್ದು, ಮಗು ಯಾವತ್ತು ಲೆಕ್ಕಕ್ಕೆ ಬರುವಷ್ಟು ಕೈ ಪಳಗಿಸಿಕೊಂಡಿತು ಎಂದು ತೀರ್ಮಾನಿಸುವುದು. ಅದಕ್ಕೆ ಹುಟ್ಟಿದಹಬ್ಬದ ಲೆಕ್ಕವಿಲ್ಲ. ಒಂದು ಸಂಜೆ ಓಣಿಯ ದೊಡ್ಡ ಹುಡುಗಿ "ಇವಳು ಇವತ್ತಿನಿಂದ ಲೆಕ್ಕಕ್ಕುಂಟು ಕಣ್ರೇ" ಎನ್ನುತ್ತಿದ್ದಳು. ಅಲ್ಲಿಂದ ಆಚೆ ಔಟಾದರೆ ಔಟು.

ರಷ್ಯದ ಲೆವ್ ವಿಗೋತ್‌ಸ್ಕಿ ಹುಟ್ಟಿದ್ದು ಪಿಯಾಜೆ ಹುಟ್ಟಿದ 1896ರಲ್ಲೇ. ಕ್ಷಯದಿಂದ 1934ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡರು. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಜಾಗದಲ್ಲೇ ಕಲಿಕೆ ನಡೆಯುತ್ತದೆ ಎಂದರು ಅವರು. ಎಂಟು ಹತ್ತು ವರ್ಷದ ಹುಡುಗಿಯರು ಆ ಜಾಗವನ್ನು ಸುಣ್ಣದ ವೃತ್ತದೊಳಗೆ ಮಾಡಿಕೊಟ್ಟಿದ್ದರು. ಇದು ಕಾನೂನಿನ ಪ್ರಜ್ಞೆ ಅಲ್ಲವೇ? ಹುಡುಗರ ಗೋಲಿಯಾಟದ ನಿಯಮ ಯಾರು ಗೆದ್ದರು ಎಂದು ತೀರ್ಮಾನಿಸುತ್ತದೆ. ನಮ್ಮ ನಿಯಮ ಅದರ ಜೊತೆಗೆ ಯಾರೂ ಹೊರಗುಳಿಯದಂತೆಯೂ ನೋಡಿಕೊಳ್ಳುತ್ತಿತ್ತು. ಅಮೆರಿಕದ ಕ್ಯಾರಲ್ ಗಿಲಿಗನ್ 1982ರಲ್ಲಿ ಇದೇ ತಕರಾರನ್ನು ಪುಸ್ತಕವಾಗಿಸಿದರು. ನೈತಿಕ ಬೆಳವಣಿಗೆಯ ಆರು ಹಂತಗಳನ್ನು ಹೇಳಿದ ಲಾರೆನ್ಸ್ ಕೋಲ್‌ಬರ್ಗ್ ತಮ್ಮ ಮೂಲ ಅಧ್ಯಯನದಲ್ಲಿ ಮಾತಾಡಿಸಿದ್ದು ಶಿಕಾಗೋದ ಹುಡುಗರನ್ನು ಮಾತ್ರ. ಹುಡುಗರಿಂದ ಮಾಡಿದ ಏಣಿಯ ಮೇಲೆ ಹುಡುಗಿಯರನ್ನು ನಿಲ್ಲಿಸಿ ಕುಳ್ಳಿಯರೆಂದರೆ ಹೇಗೆ ಎಂದು ಗಿಲಿಗನ್ ಕೇಳಿದರು. ಆ ಪುಸ್ತಕ ಓದುವಾಗ ನನಗೆ ನಮ್ಮ ಓಣಿಯ ದೊಡ್ಡ ಹುಡುಗಿಯರ ಮೇಲೆ ಬಂದ ಗೌರವ ಈವರೆಗೂ ಇಳಿದಿಲ್ಲ.

ಆ ವೃತ್ತದಿಂದ ನಮ್ಮನ್ನು ಎಬ್ಬಿಸಿದ್ದು ವಯಸ್ಸು. ದೊಡ್ಡವಳಾದಳು ಎಂದು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದರು, ಹೊಸ ಬಳೆ ತೊಡಿಸಿದರು, ಮರುದಿನದಿಂದ ಓಣಿ ಇಲ್ಲ. ಶಾಲೆ, ಮನೆ, ಮಹಡಿಯ ಕಿಟಕಿ. ಚೈತ್ರ ಹುಣ್ಣಿಮೆಯ ಕರಗದ ರಾತ್ರಿ ಪೇಟೆಯ ಬೀದಿಗಳೆಲ್ಲ ತೆರೆದಿರುತ್ತಿದ್ದವು. ಆ ಒಂದು ರಾತ್ರಿ ಅಮ್ಮಂದಿರ ಜೊತೆ ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಎರಿಕ್ಸನ್ ಹದಿಹರೆಯಕ್ಕೆ ಒಂದು ಬಿಡುವು ಬೇಕು ಎನ್ನುತ್ತಾರೆ: ಏನಾಗಬೇಕು ಎಂಬ ತೀರ್ಮಾನವನ್ನು ಮುಂದೆ ಹಾಕಿ, ಹಲವು ಬಗೆಯಲ್ಲಿ ಬದುಕಿ ನೋಡುವ ಅವಕಾಶ. ಆ ಪುಟದ ಪಕ್ಕದಲ್ಲಿ ನನ್ನ ಬಾಲ್ಯವನ್ನು ಇಟ್ಟಾಗ ನನಗಾದ ಬೇಸರ ನಿಜವಾದದ್ದು. ಅದನ್ನು ಸಂಸ್ಕೃತಿ, ಪದ್ಧತಿ ಎಂದು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ಅಜ್ಜಿಯ ಬಾಯಲ್ಲಿ ಸದಾ ಇದ್ದ ಸುಭಾಷಿತವೊಂದಿತ್ತು: ಐದು ವರ್ಷದವರೆಗೆ ಮುದ್ದು, ಆಮೇಲೆ ಹತ್ತು ವರ್ಷ ದಂಡನೆ, ಹದಿನಾರಾದರೆ ಸ್ನೇಹಿತನಂತೆ ಕಾಣಬೇಕು ಎನ್ನುವುದು. ನಮ್ಮ ಮನೆಯ ಬೆಳವಣಿಗೆಯ ಸಿದ್ಧಾಂತ ಅದೇ. ಆದರೆ ಆ ಶ್ಲೋಕ ಮಾತಾಡುವುದು ಮಗನ ಬಗ್ಗೆ. ಹದಿನಾರು ತುಂಬಿದ ಮಗಳನ್ನು ಏನೆಂದು ಕಾಣಬೇಕು ಎಂದು ಅದು ಹೇಳುವುದಿಲ್ಲ.

ಹಾಗಾದರೆ ಮಗನಿಗೆ ಸಿಕ್ಕಿತೇ ಆ ಸ್ನೇಹ? ತಮ್ಮನ ಕಥೆಯನ್ನು ನಾನು ಅವನ ಮಗಳಿಗೆ ಹೇಳಬೇಕಾಗಿ ಬಂತು, ಏಕೆಂದರೆ ಅವನು ಎಂದೂ ಹೇಳಿರಲಿಲ್ಲ. ಬಳೇಪೇಟೆಯಲ್ಲಿ ಬಳೆಯಷ್ಟೇ ಹೆಸರು ವಾದ್ಯದ ಅಂಗಡಿಗಳಿಗೂ ಇದೆ. ತಬಲ, ಮೃದಂಗ, ವೀಣೆ, ಹಾರ್ಮೋನಿಯಂ. ಸಂಜೆ ಶಾಲೆ ಬಿಟ್ಟ ಮೇಲೆ ತಮ್ಮ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಮೇಸ್ತ್ರಿಯ ಪಕ್ಕ ಹೋಗಿ ಕೂರುತ್ತಿದ್ದ. ಮೇಸ್ತ್ರಿ ಪಾಠ ಮಾಡಿದವರಲ್ಲ. ಹಿತ್ತಾಳೆಯ ರೀಡೊಂದನ್ನು ಕೈಗಿಟ್ಟು, ಊದಿ ಕೇಳಿಸಿ, "ಹೆಚ್ಚೋ ಕಮ್ಮಿಯೋ?" ಎನ್ನುತ್ತಿದ್ದರು. ಹುಡುಗ ಹೇಳಿದ ಮೇಲೆ ಸಣ್ಣ ಅರದಿಂದ ಒಂದೆರಡು ಸಲ ಉಜ್ಜಿ ಮತ್ತೆ ಕೇಳಿಸುತ್ತಿದ್ದರು. ವರ್ಷ ಕಳೆಯುವುದರೊಳಗೆ ಅರ ಹುಡುಗನ ಕೈಗೆ ಬಂತು. ಪಿಯುಸಿ ಮುಗಿಯುವ ಹೊತ್ತಿಗೆ ಅಪ್ಪನಿಗೆ ಕಾಯಿಲೆಯಾಯಿತು. ತಮ್ಮ ಗಲ್ಲಾದ ಮುಂದೆ ಕೂತ. ಯಾರೂ ಅವನನ್ನು ಬಲವಂತ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ.

ಜೇಮ್ಸ್ ಮಾರ್ಷಿಯಾ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಎರಿಕ್ಸನ್‌ರ ವಿಚಾರವನ್ನು ಮುಂದುವರಿಸಿ, ಹುಡುಕಾಟವಿಲ್ಲದೆ ಹಿರಿಯರು ಕೊಟ್ಟ ದಾರಿಯನ್ನು ಒಪ್ಪಿಕೊಂಡವರದ್ದೇ ಒಂದು ವರ್ಗ ಮಾಡಿದರು. ಅವಧಿಗೆ ಮೊದಲೇ ಬಾಗಿಲು ಮುಚ್ಚಿಕೊಂಡವರು ಎನ್ನುವ ಅರ್ಥದ ಹೆಸರು ಅದಕ್ಕೆ. ತಮ್ಮನನ್ನು ಆ ಪೆಟ್ಟಿಗೆಯಲ್ಲಿಡಬಹುದು. ಆದರೆ ಮನೆ ಉಳಿಸಬೇಕೆಂದು ತಿಳಿದೇ ಬಾಗಿಲು ಎಳೆದುಕೊಂಡವನಿಗೂ ಹುಡುಕುವ ಆಸೆಯೇ ಇಲ್ಲದವನಿಗೂ ಆ ಪೆಟ್ಟಿಗೆಯೊಳಗೆ ಬೇರೆ ಬೇರೆ ಖಾನೆ ಇಲ್ಲ. ಇಲ್ಲಿ ನನಗೆ ಹೆಚ್ಚು ಬೆಳಕು ಕೊಟ್ಟವರು ಮೈಸೂರಿನ ಎ.ಕೆ. ರಾಮಾನುಜನ್. 'ಇಂಡಿಯನ್ ಈಡಿಪಸ್' ಪ್ರಬಂಧದಲ್ಲಿ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದನ್ನು ಮುಂದಿಡುತ್ತಾರೆ. ಮಗನನ್ನೇ ಮದುವೆಯಾಗುವ ವಿಧಿ ಹೊತ್ತು ಹುಟ್ಟಿದ ಹೆಣ್ಣೊಬ್ಬಳ ಕಥೆ ಅದು; ಗ್ರೀಕರಲ್ಲಿ ಮಗನ ಕಣ್ಣಿನಿಂದ ಹೇಳಿದ್ದನ್ನು ನಮ್ಮವರು ತಾಯಿಯ ಕಣ್ಣಿನಿಂದ ಹೇಳುತ್ತಾರೆ. ಅಲ್ಲಿ ಮಗ ತಂದೆಯನ್ನು ಕೊಂದರೆ, ನಮ್ಮ ಪುರಾಣಗಳಲ್ಲಿ ಹೆಚ್ಚಾಗಿ ತಂದೆಯೇ ಮಗನಿಂದ ಪಡೆಯುತ್ತಾನೆ. ಯಯಾತಿಗೆ ಪುರು ಯೌವನ ಕೊಟ್ಟ. ಕಾಯಿಲೆಯ ಅಪ್ಪನಿಗೆ ತಮ್ಮ ಕೊಟ್ಟದ್ದೂ ಅದನ್ನೇ. ಸುಧೀರ್ ಕಕ್ಕರ್ 1978ರ ತಮ್ಮ ಪುಸ್ತಕದಲ್ಲಿ ಭಾರತದ ಬಾಲ್ಯವನ್ನು ಎರಿಕ್ಸನ್ ಕೊಟ್ಟ ಕನ್ನಡಕದಲ್ಲಿ ನೋಡುತ್ತಲೇ, ಆ ಕನ್ನಡಕಕ್ಕೆ ಕಾಣದ್ದನ್ನೂ ಗುರುತು ಮಾಡಿದ್ದಾರೆ. ಸೋದರಸೊಸೆಗೆ ನಾನು ಓದಲು ಕೊಟ್ಟದ್ದು ಇವೆರಡು, ಜೊತೆಗೆ ಕನ್ನಡದ್ದೊಂದು: 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ, ಅಂದರೆ ಬೆಂಗಳೂರಿನಲ್ಲೇ ವೈದ್ಯರಾಗಿದ್ದ ಡಾ. ಎಂ. ಶಿವರಾಂ ಬರೆದ 'ಮನಮಂಥನ'. 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ನಮ್ಮ ಮನಸ್ಸಿನ ವಿಷಯವನ್ನು ನಮ್ಮ ಭಾಷೆಯಲ್ಲಿ ಇಷ್ಟು ಹಿಂದೆಯೇ ಬರೆದವರಿದ್ದರು ಎಂಬುದು ಅವಳಿಗೆ ತಿಳಿದಿರಲಿಲ್ಲ.

ಅವಳ ಕೋಷ್ಟಕದಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಆ ತಪ್ಪು ಗುರುತುಗಳ ಹಿಂದಿದ್ದ ಹೆದರಿಕೆ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂಬ ಗಾದೆಯನ್ನು ಅವಳು ಕೋಷ್ಟಕದ ಮೇಲೆಯೇ ಬರೆದಿದ್ದಳು. ಎರಡನೆಯ ಹಂತದಲ್ಲಿ ತಪ್ಪಿದ್ದು ಎಂಟನೆಯದರವರೆಗೂ ತಪ್ಪಿದ ಹಾಗೆಯೇ ಎಂದು ನಂಬಿದ್ದಳು. ಹವಾಯಿಯ ಕೌಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಕಾಯಿಲೆ ಹೀಗೆ ಹಲವು ಕಷ್ಟ ಒಟ್ಟಿಗೆ ಎರಗಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದಿದ್ದರು. ಅವರಿಗೆ ಒದಗಿಬಂದ ಮುಖ್ಯ ಸಂಗತಿಗಳಲ್ಲೊಂದು, ಕೈಬಿಡದ ಒಬ್ಬ ವ್ಯಕ್ತಿ. ಅದು ತಾಯಿಯೇ ಆಗಬೇಕಿರಲಿಲ್ಲ; ಅಜ್ಜಿಯೋ ಅಕ್ಕನೋ ಟೀಚರೋ ನೆರೆಯವರೋ. ಇದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪನಿಗೆ ಯಾರಿದ್ರು ಅತ್ತೆ, ಆ ಮೇಸ್ತ್ರಿನಾ?"

"ಅಪ್ಪನ್ನೇ ಕೇಳು" ಎಂದೆ.

ಕೇಳಿದಳು. ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು ಕೂತಿದ್ದ ತಮ್ಮ ಮೊದಲು ಮಾತು ಮರೆಸಲು ನೋಡಿದ. ಆಮೇಲೆ ಅವಳ ಪೆನ್ನು ತೆಗೆದುಕೊಂಡು ಕೋಷ್ಟಕದ ಹಿಂಬದಿಯಲ್ಲಿ ಒಂದು ರೀಡಿನ ಚಿತ್ರ ಬರೆದು, ತುದಿಯ ಕಡೆ ಉಜ್ಜಿದರೆ ಸ್ವರ ಏರುತ್ತದೆ, ಬುಡದ ಕಡೆ ಉಜ್ಜಿದರೆ ಇಳಿಯುತ್ತದೆ, ಒಂದು ಎಳೆ ಜಾಸ್ತಿಯಾದರೆ ರೀಡೇ ಹೋಯಿತು ಎಂದು ವಿವರಿಸಿದ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಕೊನೆಗೆ ಅವಳು ತನ್ನ ಪ್ರಶ್ನೆಗೆ ಬಂದಳು. "ಇಷ್ಟೆಲ್ಲ ಆಸೆ ಇದ್ದೋರು ನೀವು, ನನಗೆ ಯಾಕಪ್ಪ ಸೈನ್ಸೇ ತಗೋ ಅಂತ ಹಠ ಮಾಡಿದ್ರಿ?"

"ಈ ಗಲ್ಲಾ ಮುಂದೆ ನೀನು ಬಂದು ಕೂತ್ಕೋಬಾರದು ಅಂತ ಕಣಮ್ಮ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಬಹುದಿತ್ತು" ಎಂದ.

ಅವಳು ಅಸೈನ್‌ಮೆಂಟಿನಲ್ಲಿ ಎರಡನ್ನೂ ಬರೆದಿದ್ದಾಳೆ, ಅವನ ಕಾರಣವನ್ನೂ ತನ್ನ ದೂರನ್ನೂ. ದೂರನ್ನು ತೆಗೆದುಬಿಡು ಎಂದು ನಾನು ಹೇಳಲಿಲ್ಲ, ಅವಳಪ್ಪನೂ ಹೇಳಲಿಲ್ಲ.